ನಿದ್ರಿಸುವ ರಾಜಕುಮಾರಿ ಬೇಕಾಗಿದ್ದಾಳೆ

ಎಲ್ಲ ರಗಳೆಗೂ ಮೂಲ ಒಂದು ಸ್ಟಾಪ್‌ವಾಚ್.

ತೂಕ ಮತ್ತು ಅಳತೆ ಕಚೇರಿಯಲ್ಲಿ ಸ್ಟಾಪ್‌ವಾಚ್ ಇರುವುದು ತಪ್ಪೇನಲ್ಲ. ಅಂಗಡಿಯವರ ತಕ್ಕಡಿ, ಬಟ್ಟೆ ವ್ಯಾಪಾರಿಗಳ ಮೀಟರ್ ಕೋಲು, ಎಣ್ಣೆ ಅಳೆಯುವ ಲೀಟರ್ ಪಾತ್ರೆ, ಎಲ್ಲವನ್ನೂ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿ ಅದು. ಆದರೆ ದಿನವಿಡೀ ಅಳೆದೂ ಅಳೆದೂ ಅಲ್ಲಿಯವರಿಗೆ ಅದೊಂದು ಚಾಳಿಯಾಗಿಬಿಟ್ಟಿತ್ತು. ಕ್ಯಾಂಟೀನಿನ ಚಹಾ ಬಂದರೆ ಅಳತೆಯ ಲೋಟಕ್ಕೆ ಸುರಿದು ನೋಡಿಯೇ ಕುಡಿಯುತ್ತಿದ್ದರು. ಯಾರಾದರೂ ಬಿಸ್ಕತ್ತು ಹಂಚಿದರೆ ಪೊಟ್ಟಣ ಮೊದಲು ತಕ್ಕಡಿಗೆ ಹೋಗುತ್ತಿತ್ತು. ಒಮ್ಮೆ ಒಬ್ಬ ಗುಮಾಸ್ತ ಪಕ್ಕದವನ ಮೇಜು ತನ್ನದಕ್ಕಿಂತ ಮೂರು ಸೆಂಟಿಮೀಟರ್ ಅಗಲವಾಗಿದೆ ಎಂದು ವರದಿ ಬರೆದ. ಆಮೇಲೆ ಇಬ್ಬರೂ ಎರಡು ವರ್ಷ ಮಾತು ಬಿಟ್ಟಿದ್ದರು.

ಅಂಥ ಕಚೇರಿಯಲ್ಲಿ ನಾಟಕ ಆಡಿಸುವ ಹಣೆಬರಹ ಹಂಗಾಮಿಯ ಪಾಲಿಗೆ ಬಂತು.

ಹಂಗಾಮಿ ಎಂದರೆ ಅಲ್ಲಿಯ ಹಂಗಾಮಿ ಗುಮಾಸ್ತ. ತಂದೆ ತಾಯಿ ಅವನಿಗೂ ಒಂದು ಹೆಸರು ಇಟ್ಟಿರಲೇಬೇಕು. ಆದರೆ ಹನ್ನೊಂದು ವರ್ಷ, ಆರು ತಿಂಗಳಿಗೊಮ್ಮೆ, ‘ಹಂಗಾಮಿಯಾಗಿ ಮುಂದುವರಿಸಲಾಗಿದೆ’ ಎಂಬ ಆದೇಶ ಬಂದೂ ಬಂದೂ ಆ ಹೆಸರು ಎಲ್ಲರ ಬಾಯಿಂದ ಉದುರಿಹೋಗಿತ್ತು. ಕಾಯಂ ಆಗಬೇಕು ಎನ್ನುವುದೊಂದೇ ಅವನ ಆಸೆ. ಕಾಯಂ ನೌಕರರಿಗೆ ಜ್ವರ ಬಂದರೆ ರಜೆ ಸಿಗುತ್ತಿತ್ತು. ಅವನಿಗೆ ಜ್ವರ ಬಂದರೆ ಬರೀ ಜ್ವರ ಬರುತ್ತಿತ್ತು, ಅಷ್ಟೇ.

ಇನ್ನು ನಾಟಕದ ವಿಷಯ. ಅದನ್ನು ಬರೆದವರು ಕಚೇರಿಯ ಸಾಹೇಬರು. ಅವರು ಚಿಕ್ಕಂದಿನಿಂದ ರಾಜಕುಮಾರಿಯರ ಕತೆ ಮತ್ತು ದೆವ್ವದ ಬಂಗಲೆಯ ಕಾದಂಬರಿ ಬಿಟ್ಟು ಬೇರೇನನ್ನೂ ಓದಿದವರಲ್ಲ, ಕಚೇರಿಯ ಕಡತಗಳನ್ನಂತೂ ಅಲ್ಲವೇ ಅಲ್ಲ. ಹಾಗಾಗಿ ನಾಟಕದಲ್ಲಿ ಒಂದು ಪಾಳುಕೋಟೆ ಇತ್ತು. ಮಹಡಿಯ ಮೇಲೆ ಬೀಗ ಹಾಕಿದ ಕೋಣೆ, ಅದರೊಳಗೆ ಯಜಮಾನನ ಮೊದಲ ಹೆಂಡತಿ. ಹುಚ್ಚು ಹಿಡಿದು ಆಗಾಗ ನಗುವವಳು. ಕೆಳಗೆ ಒಬ್ಬ ಮಾಟಗಾತಿ. ಮಲತಾಯಿಯೂ ಅವಳೇ, ಏಕೆಂದರೆ ಕೆಟ್ಟವಳು ಒಬ್ಬಳಿದ್ದರೆ ಎಲ್ಲ ಕೆಟ್ಟತನವನ್ನೂ ಅವಳ ತಲೆಗೇ ಕಟ್ಟಬಹುದು. ಇವರೆಲ್ಲರ ನಡುವೆ ಮಂಚದ ಮೇಲೆ, ಬಿಳಿ ನಿಲುವಂಗಿ ತೊಟ್ಟು, ಕೂದಲು ಹರಡಿಕೊಂಡು, ಶಾಪಗ್ರಸ್ತ ರಾಜಕುಮಾರಿ. ಒಳ್ಳೆಯ ಹೆಂಗಸು ಮಲಗಿರುತ್ತಾಳೆ, ಕೆಟ್ಟ ಹೆಂಗಸು ಓಡಾಡುತ್ತಾಳೆ. ಸಾಹೇಬರ ಪ್ರಪಂಚದಲ್ಲಿ ಒಳ್ಳೆಯವರನ್ನೂ ಕೆಟ್ಟವರನ್ನೂ ಗುರುತಿಸುವುದು ಅಷ್ಟು ಸುಲಭವಾಗಿತ್ತು.

ಕಚೇರಿಯ ವಾರ್ಷಿಕೋತ್ಸವಕ್ಕೆ ಮೇಲಿನ ಕಚೇರಿಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಅವರ ಕೈಯಲ್ಲಿ ಒಂದೇ ಒಂದು ಕಾಯಂ ಹುದ್ದೆ ಇತ್ತು. ಸಾಹೇಬರು ಹಂಗಾಮಿಯನ್ನು ಕೋಣೆಗೆ ಕರೆದು, ನಾಟಕ ಚೆನ್ನಾಗಿ ಆದರೆ ದೊಡ್ಡ ಸಾಹೇಬರ ಮನಸ್ಸು ಕರಗುತ್ತದೆ, ಕರಗಿದಾಗ ನಿನ್ನ ಹೆಸರು ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದರು. ಹಂಗಾಮಿ ಮೂರು ವಾರ ಊಟ ನಿದ್ದೆ ಬಿಟ್ಟು ನಾಟಕ ಕಲಿಸಿದ. ನಿರ್ದೇಶಕ ಅವನೇ, ಪರದೆ ಎಳೆಯುವವನೂ ಅವನೇ, ಮಾತು ಮರೆತವರಿಗೆ ಮರೆಯಿಂದ ಪಿಸುಗುಟ್ಟುವವನೂ ಅವನೇ.

ನಾಟಕದ ದಿನ ಬಂತು. ಬೆಳಿಗ್ಗೆ ಎಂಟಕ್ಕೆ ಕೊನೆಯ ತಾಲೀಮು, ಸಂಜೆ ನಾಲ್ಕಕ್ಕೆ ನಾಟಕ. ಆ ತಾಲೀಮಿನಲ್ಲಿ ಪರೀಕ್ಷಕಿಯ ಕೈ ಸುಮ್ಮನಿರಲಿಲ್ಲ. ಪರೀಕ್ಷಕಿ ಎಂದರೆ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಹುಡುಗಿ. ನಾಟಕದಲ್ಲಿ ಹುಚ್ಚು ಹಿಡಿದ ಮೊದಲ ಹೆಂಡತಿ. ತೆರೆಯ ಹಿಂದೆ ನಿಂತು ಆರು ಸಲ ನಗುವುದಷ್ಟೇ ಅವಳ ಪಾತ್ರವಾದ್ದರಿಂದ ಮಿಕ್ಕ ಹೊತ್ತು ಬೇಜಾರಾಗಿ, ಸ್ಟಾಪ್‌ವಾಚ್ ಹಿಡಿದು ಯಾರ ಮಾತು ಎಷ್ಟು ಹೊತ್ತು ಎಂದು ಅಳೆದಳು. ಅಳೆದದ್ದನ್ನು ಚೀಟಿಯಲ್ಲಿ ಬರೆದು, ಕೆಳಗೆ ಸಹಿ ಹಾಕಿ, ಅಭ್ಯಾಸಬಲದಿಂದ ಮುದ್ರೆಯನ್ನೂ ಒತ್ತಿ ನೋಟೀಸು ಬೋರ್ಡಿಗೆ ಅಂಟಿಸಿದಳು. ಮಾಟಗಾತಿ ಮೂವತ್ತೆರಡು ನಿಮಿಷ. ರಾಜಕುಮಾರ ಇಪ್ಪತ್ತೊಂಬತ್ತು. ಹುಚ್ಚಿ, ಬರೀ ನಗು, ಒಂದೂವರೆ. ರಾಜಕುಮಾರಿ ನಲವತ್ತೊಂದು ಸೆಕೆಂಡು.

ರಾಜಕುಮಾರಿಯ ಪಾತ್ರ ಟೈಪಿಸ್ಟಮ್ಮನದು. ಚೀಟಿ ಓದಿದವಳೇ ಅವಳು ಹಂಗಾಮಿಯ ಎದುರು ಬಂದು ನಿಂತಳು.

“ಎರಡು ಗಂಟೆ ನಾಟಕದಲ್ಲಿ ನಂದು ನಲವತ್ತೊಂದು ಸೆಕೆಂಡು. ಅದರಲ್ಲೂ ಹನ್ನೆರಡು ಸೆಕೆಂಡು ಬರೀ ನಿಟ್ಟುಸಿರು. ಇಡೀ ನಾಟಕ ಕೂತು ಟೈಪ್ ಮಾಡಿದವಳು ನಾನು, ಮಾತು ಮಾತ್ರ ಮಿಕ್ಕವರಿಗಾ?”

ಹಂಗಾಮಿ ಸಮಾಧಾನದ ಮಾತು ಹೇಳಿದ. ಮಾತು ಕಡಿಮೆಯಾದರೇನಂತೆ, ನಾಯಕಿ ಅವಳೇ ಅಲ್ಲವೇ, ಎರಡು ಗಂಟೆಯೂ ಎಲ್ಲರ ಕಣ್ಣು ಅವಳ ಮೇಲೇ ಇರುತ್ತದಲ್ಲವೇ ಎಂದ.

“ಕಿಟಕಿ ಪರದೆ ಮೇಲೂ ಇರುತ್ತೆ” ಎಂದಳು ಟೈಪಿಸ್ಟಮ್ಮ. “ನಾನು ಮಲಗಲ್ಲ. ಮಾಟಗಾತಿ ಪಾತ್ರ ಕೊಟ್ಟರೆ ಮಾಡ್ತೀನಿ, ಇಲ್ಲಾಂದ್ರೆ ಮನೆಗೆ ಹೋಗ್ತೀನಿ.”

ಮಾಟಗಾತಿಯ ಪಾತ್ರ ರೆಕಾರ್ಡ್ ರೂಮಿನಮ್ಮನದು. ನಿವೃತ್ತಿಗೆ ಎರಡು ತಿಂಗಳು ಬಾಕಿ ಇರುವ ಹೆಂಗಸು. ಹಳೆಯ ಕಡತಗಳ ನಡುವೆ ಅವರ ದನಿಯನ್ನು ಯಾರೂ ಕೇಳಿದ್ದೇ ಇರಲಿಲ್ಲ. ಹಂಗಾಮಿ ಕೈ ಹಿಸುಕಿಕೊಳ್ಳುತ್ತ ಅವರ ಬಳಿ ಹೋಗಿ, ಅಮ್ಮಾ, ತಾವು ದೊಡ್ಡವರು, ಪಾತ್ರ ಬದಲಾಯಿಸಿಕೊಂಡರೆ ನನ್ನ ಬದುಕು ಉಳಿಯುತ್ತದೆ ಎಂದು ಬೇಡಿಕೊಂಡ. ಅವರು ಕನ್ನಡಕ ಒರೆಸಿಕೊಂಡು ಶಾಂತವಾಗಿ ಹೇಳಿದರು: “ಮೂವತ್ತನಾಲ್ಕು ವರ್ಷ ‘ಆಯ್ತು ಸಾರ್’ ಅಂದಿದೀನಿ ಕಣಪ್ಪ. ಇವತ್ತೊಂದು ದಿನ ಎಲ್ಲರಿಗೂ ಬಾಯ್ತುಂಬ ಶಾಪ ಹಾಕಿ ಮನೆಗೆ ಹೋಗ್ತೀನಿ. ನನ್ನ ಕೈಯಿಂದ ಈ ಪಾತ್ರ ಕಿತ್ಕೊಂಡರೆ ಮೊದಲನೇ ಶಾಪ ನಿನಗೇ.”

ಆಕೆ ಹೇಳಿದ ರೀತಿಗೆ ಹಂಗಾಮಿಯ ಮೈ ಜುಮ್ಮೆಂದಿತು. ತಾಲೀಮಿನಲ್ಲಿ ಮೂರು ವಾರ ಬೇಡಿಕೊಂಡರೂ ಬಾರದಿದ್ದ ಅಭಿನಯ ಈಗ ತಾನಾಗಿಯೇ ಬಂದಿತ್ತು. ಕೊನೆಗೆ ಅವನೇ ಒಂದು ದಾರಿ ಹುಡುಕಿದ. ಮಾಟಗಾತಿಯರು ಇಬ್ಬರಾಗಲಿ, ಅಕ್ಕ ತಂಗಿ, ಮೂವತ್ತೆರಡು ನಿಮಿಷದಲ್ಲಿ ತಲಾ ಹದಿನಾರು. ಇಬ್ಬರೂ ಒಪ್ಪಿದರು.

ಒಪ್ಪಿದ್ದನ್ನು ಕೇಳಿ ಪರೀಕ್ಷಕಿ ಬಂದಳು. ಅವಳದು ತಾತ್ವಿಕ ಆಕ್ಷೇಪ. ಯಜಮಾನನ ಮೊದಲ ಹೆಂಡತಿಗೆ ಹುಚ್ಚು ಎಂದು ಎಲ್ಲರೂ ಹೇಳುತ್ತಾರೆ, ಸರಿ. “ಹುಚ್ಚು ಅಂತ ಮುದ್ರೆ ಒತ್ತಿದವರು ಯಾರು? ಯಾವ ಅಳತೆ ಮೇಲೆ? ಗಂಡನೇ ಅಳೆದು, ಗಂಡನೇ ಮುದ್ರೆ ಒತ್ತಿ, ಗಂಡನೇ ಬೀಗ ಹಾಕಿದ್ರೆ ಆ ಪರೀಕ್ಷೆ ಊರ್ಜಿತ ಆಗುತ್ತಾ?” ಎಂದು ಕೇಳಿದಳು. ಅವಳೂ ಬೀಗ ಒಡೆದು ಕೆಳಗಿಳಿದು ಬಂದು ಮಾತಾಡುವುದೆಂದು ತೀರ್ಮಾನವಾಯಿತು. ಗಂಟೆ ಹನ್ನೊಂದೂವರೆ. ನಾಟಕದಲ್ಲಿ ಈಗ ಮೂವರು ಕೆಟ್ಟ ಹೆಂಗಸರಿದ್ದರು, ಮಲಗುವುದಕ್ಕೆ ಒಬ್ಬರೂ ಇರಲಿಲ್ಲ.

ಉಳಿದವರು ಆಯಾ ಒಬ್ಬರೇ. ಬೆಳಿಗ್ಗೆ ಏಳಕ್ಕೆ ಬಂದು ಇಡೀ ಕಟ್ಟಡ ಗುಡಿಸಿ ಒರೆಸುವ ಆಯಾಗೆ ಎರಡು ಗಂಟೆ ಮಂಚದ ಮೇಲೆ ಮಲಗುವ ಕೆಲಸ ಎಂದಾಗ ಮುಖ ಅರಳಿತು. ಮಂಚದ ಮೇಲೆ ಕೂತು ನೋಡಿದರು. ಹಾಸಿಗೆ ಒತ್ತಿ ನೋಡಿದರು. ಆಮೇಲೆ ಕತೆ ಏನು ಎಂದು ಕೇಳಿದರು. ಹಂಗಾಮಿ ಹೇಳಿದ: ರಾಜಕುಮಾರಿ ನೂರು ವರ್ಷ ಮಲಗಿರುತ್ತಾಳೆ, ರಾಜಕುಮಾರ ಬಂದು ಎಬ್ಬಿಸುತ್ತಾನೆ, ಕಣ್ಣು ಬಿಟ್ಟವಳೇ ಅವನನ್ನು ಮದುವೆಯಾಗುತ್ತಾಳೆ.

“ಚೆನ್ನಾಗಿ ನಿದ್ದೆ ಹತ್ತಿದಾಗ ಎಬ್ಬಿಸಿದೋನಿಗೆ ಕೈಗೆ ಸಿಕ್ಕಿದ್ದು ತಗೊಂಡು ಹೊಡೀಬೇಕು” ಎಂದರು ಆಯಾ. “ಮದುವೆ ಯಾಕಾಗ್ಬೇಕು? ಅವನ ಹೆಸರಾದರೂ ಕೇಳ್ತಾಳಾ?”

ಕೇಳುವುದಿಲ್ಲ ಎಂದು ಹಂಗಾಮಿ ಒಪ್ಪಿಕೊಳ್ಳಬೇಕಾಯಿತು. ಆದರೂ ಆಯಾ ಮಲಗುತ್ತಿದ್ದರೋ ಏನೋ. ಅಷ್ಟರಲ್ಲಿ ರೆಕಾರ್ಡ್ ರೂಮಿನಮ್ಮ ಆಯಾ ಅವರ ಪೊರಕೆಯನ್ನು ಎತ್ತಿಕೊಂಡು, ಅದರ ಮೇಲೆ ಹಾರುವ ಅಭ್ಯಾಸ ಶುರು ಮಾಡಿದ್ದು ಕಣ್ಣಿಗೆ ಬಿತ್ತು. ತನ್ನ ಪೊರಕೆಯನ್ನು ಇನ್ನೊಬ್ಬರು ಮುಟ್ಟುವುದನ್ನು ಆಯಾ ಇಪ್ಪತ್ತು ವರ್ಷದಿಂದ ಸಹಿಸಿದವರಲ್ಲ. ಎದ್ದು ಹೋಗಿ ಪೊರಕೆ ಕಿತ್ತುಕೊಂಡರು. ಈ ಕಟ್ಟಡದಲ್ಲಿ ಪೊರಕೆಯ ಮೇಲೆ ಯಾರಾದರೂ ಹಾರುವುದಿದ್ದರೆ ಅದು ತಾನೇ ಎಂದು ಸಾರಿದರು. ಅಲ್ಲಿಗೆ ಕೆಟ್ಟ ಹೆಂಗಸರು ನಾಲ್ವರಾದರು.

ಹಂಗಾಮಿ ರಾಜಕುಮಾರಿಯ ವೇಷದ ಗಂಟನ್ನು ಎತ್ತಿಕೊಂಡು ಸ್ಕೂಟರ್ ಹತ್ತಿ ಮನೆಗೆ ಓಡಿದ. ಹೆಂಡತಿ ಹೊಲಿಗೆ ಯಂತ್ರದ ಮುಂದೆ ಕೂತು ಶಾಲೆಯ ಮಕ್ಕಳ ಅಂಗಿಗಳಿಗೆ ತೋಳು ಕೂಡಿಸುತ್ತಿದ್ದಳು. ಸಂಜೆಯೊಳಗೆ ಮೂವತ್ತು ಅಂಗಿ ಮುಗಿಸಬೇಕಿತ್ತು. ಅವನು ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ನೀನೇ ಬಂದು ಮಲಗು, ಕಾಯಂ ಆದರೆ ಜೀವನಪೂರ್ತಿ ನಿನ್ನ ಋಣ ಮರೆಯುವುದಿಲ್ಲ ಎಂದ. ಅವಳು ಯಂತ್ರ ನಿಲ್ಲಿಸಲಿಲ್ಲ.

“ಹನ್ನೊಂದು ವರ್ಷದಿಂದ ಬಾಯಿ ಮುಚ್ಕೊಂಡು, ಯಾರೋ ಬಂದು ಆದೇಶ ಕೊಟ್ಟು ಎಬ್ಬಿಸ್ತಾರೆ ಅಂತ ಕಾಯ್ತಾ ಇರೋರು ನೀವು” ಎಂದಳು. “ಆ ಪಾತ್ರ ನಿಮಗಿಂತ ಚೆನ್ನಾಗಿ ಯಾರಿಗೂ ಬರಲ್ಲ. ನೀವೇ ಮಲಗಿ.”

ಮಾತು ಸರಿಯಾಗಿಯೇ ನಾಟಿತು. ಆದರೆ ಅವನು ಮಲಗಿದರೆ ಪರದೆ ಎಳೆಯುವವರು ಯಾರು? ಅವನು ಬಾಗಿಲ ಪಕ್ಕದ ಗೋಡೆಗೆ ತಲೆ ಕೊಟ್ಟು ನಿಂತುಬಿಟ್ಟ. ಕಣ್ಣಲ್ಲಿ ನೀರು ಬಂದಿತ್ತು, ಅದನ್ನು ಮುಚ್ಚಿಡುವ ಶಕ್ತಿಯೂ ಅವನಿಗೆ ಉಳಿದಿರಲಿಲ್ಲ. ಹನ್ನೊಂದು ವರ್ಷದ ಆ ಆಸೆ ಅವನೊಬ್ಬನದೇ ಆಗಿರಲಿಲ್ಲ. ಅವಳು ಯಂತ್ರ ನಿಲ್ಲಿಸಿ ಎದ್ದಳು. ಒಳಗಿನ ಮಂಚದಿಂದ ಆಳುದ್ದದ ದಿಂಬು ತಂದಳು. ರಾಜಕುಮಾರಿಯ ಬಿಳಿ ನಿಲುವಂಗಿಯನ್ನು ಅದಕ್ಕೆ ತೊಡಿಸಿ, ತೋಳುಗಳಿಗೆ ಹಳೇ ಬಟ್ಟೆ ತುಂಬಿ, ನಾಟಕದ ಟೋಪನ್ ಕೂದಲನ್ನು ಮೇಲಿಟ್ಟು ಹೊಲಿದು, ಮುಖದ ಮೇಲೆ ತೆಳ್ಳಗಿನ ಮುಸುಕು ಹಾಕಿದಳು. ಕಾಲು ಗಂಟೆಯ ಕೆಲಸ.

“ಇವಳನ್ನ ಕರ್ಕೊಂಡು ಹೋಗಿ” ಎಂದಳು. “ಮಾತಾಡಲ್ಲ, ಎದ್ದೇಳಲ್ಲ, ಏನೂ ಕೇಳಲ್ಲ. ನಿಮ್ಮ ಸಾಹೇಬರು ಬರೆದಿರೋದು ಇವಳನ್ನೇ.”

ದಿಂಬನ್ನು ಸ್ಕೂಟರಿನ ಹಿಂದೆ ಅಡ್ಡಡ್ಡ ಕಟ್ಟಿಕೊಂಡು ಹೊರಟ ಹಂಗಾಮಿ ಬೀದಿಯ ತಿರುವಿನವರೆಗೂ ಹೋಗಲಿಲ್ಲ. ಔಷಧದ ಅಂಗಡಿಯವನು ಅಡ್ಡ ಬಂದ. ಅವನ ಹಿಂದೆ ಎದುರು ಮನೆಯ ನಿವೃತ್ತ ಮೇಷ್ಟ್ರು, ಅವರ ಹಿಂದೆ ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಇಬ್ಬರು. ಪ್ರಜ್ಞೆ ತಪ್ಪಿದ ಹೆಂಗಸನ್ನು ಹೀಗೆ ಮೂಟೆಯಂತೆ ಕಟ್ಟಿಕೊಂಡು ಹೋಗುವುದೇ ಎಂದು ಎಲ್ಲರೂ ಒಟ್ಟಿಗೆ ಬೈದರು. ಇದು ದಿಂಬು ಎಂದು ಹಂಗಾಮಿ ಹೇಳಿದ.

“ಕಟ್ಟಿಕೊಂಡ ಹೆಂಡತಿನ ದಿಂಬು ಅಂತಾನಲ್ರೀ” ಎಂದು ಮೇಷ್ಟ್ರು ನೊಂದುಕೊಂಡರು. ಯಾರೋ ಒಂದು ಬಿಂದಿಗೆ ನೀರು ತಂದು ಅವಳ ಮುಖಕ್ಕೆ ಸುರಿದರು. ಔಷಧದ ಅಂಗಡಿಯವನು ತೋಳು ಹಿಡಿದು ನಾಡಿ ನೋಡಿ, ತುಂಬಾ ಕ್ಷೀಣವಾಗಿದೆ, ಇನ್ನು ದೇವರೇ ಗತಿ ಎಂದ. ಮೇಷ್ಟ್ರು ಮುಸುಕು ತೆಗೆದ ಮೇಲೆಯೇ ಎಲ್ಲರಿಗೂ ನಂಬಿಕೆ ಬಂದದ್ದು. ಆಗ ಅವರಿಗೆ ಆದ ನಿರಾಸೆ ನೋಡಬೇಕಿತ್ತು. ಹಂಗಾಮಿಯೇ ಏನೋ ಮೋಸ ಮಾಡಿದನೆಂಬಂತೆ ದುರುಗುಟ್ಟಿ ನೋಡುತ್ತ ಒಬ್ಬೊಬ್ಬರೇ ಚದುರಿದರು.

ಒದ್ದೆ ರಾಜಕುಮಾರಿಯನ್ನು ಕಚೇರಿಯ ಸಭಾಂಗಣಕ್ಕೆ ತಂದು ಫ್ಯಾನಿನ ಕೆಳಗೆ ಮಲಗಿಸಿದ. ಮೂರು ಗಂಟೆಯ ಹೊತ್ತಿಗೆ ಅವಳು ಒಣಗಿದಳು. ಆದರೆ ಒಣಗಿದವಳು ಮಂಚದ ಮೇಲೆ ನಿಲ್ಲಲಿಲ್ಲ. ಫ್ಯಾನಿನ ಗಾಳಿಗೆ ಉರುಳಿ ಉರುಳಿ ಬೀಳುತ್ತಿದ್ದಳು. ಪರೀಕ್ಷಕಿಗೆ ಕನಿಕರ ಬಂತು. ಹೊಲಿಗೆ ಬಿಚ್ಚಿ, ಕಚೇರಿಯ ಐದು ಕಿಲೋದ ಎರಡು ಕಬ್ಬಿಣದ ತೂಕದ ಬಟ್ಟುಗಳನ್ನು ದಿಂಬಿನೊಳಗೆ ಇಟ್ಟಳು. ದಾರ ಇರಲಿಲ್ಲವಾದ್ದರಿಂದ ಗುಂಡುಸೂಜಿ ಚುಚ್ಚಿದಳು. ರಾಜಕುಮಾರಿ ಗಂಭೀರವಾಗಿ ಮಲಗಿದಳು.

ಅಷ್ಟರಲ್ಲಿ ಸಾಹೇಬರು ಇಣುಕಿದರು. ದೂರದಿಂದ ಮಂಚ ನೋಡಿ, ಇದು ನಮ್ಮ ಟೈಪಿಸ್ಟ್ ಅಲ್ಲವಲ್ಲ, ಯಾರು ಎಂದು ಕೇಳಿದರು. ಟೈಪಿಸ್ಟಮ್ಮನಿಗೆ ತಲೆನೋವು, ಇದು ನಮ್ಮ ಕಡೆಯ ಹುಡುಗಿ, ಮಾತು ಕಡಿಮೆ ಎಂದ ಹಂಗಾಮಿ. ನಿಜ ಹೇಳಬಹುದಿತ್ತು. ಆದರೆ ಹನ್ನೊಂದು ವರ್ಷ ಕಾದವನಿಗೆ ಇನ್ನೆರಡು ಗಂಟೆಗೋಸ್ಕರ ನಿಜ ಹೇಳುವ ಧೈರ್ಯ ಬರಲಿಲ್ಲ. “ಮಾತು ಕಡಿಮೆ ಅಂದ್ರೆ ಒಳ್ಳೆಯದೇ ಆಯ್ತು ಬಿಡು” ಎಂದು ಸಾಹೇಬರು ಬೆನ್ನು ತಟ್ಟಿ ಹೋದರು.

ನಾಲ್ಕಕ್ಕೆ ಸರಿಯಾಗಿ ಪರದೆ ಮೇಲೆದ್ದಿತು. ಮುಂದಿನ ಸಾಲಿನ ಸೋಫಾದಲ್ಲಿ ದೊಡ್ಡ ಸಾಹೇಬರು. ಪಕ್ಕದ ಕುರ್ಚಿಯ ತುದಿಯಲ್ಲಿ ಸಾಹೇಬರು. ಹಿಂದೆ ಇಡೀ ಕಚೇರಿ ಮತ್ತು ಅವರವರ ಮನೆಮಂದಿ. ಮಂಚದ ಕೆಳಗೆ, ಕಪ್ಪು ಬಟ್ಟೆಯ ಮರೆಯಲ್ಲಿ, ಒಂದು ಕೈಯಲ್ಲಿ ನಾಟಕದ ಪ್ರತಿ, ಇನ್ನೊಂದು ಕೈಯಲ್ಲಿ ಪರದೆಯ ಹಗ್ಗ ಹಿಡಿದು ಮಲಗಿದ್ದ ಹಂಗಾಮಿ.

ಮೊದಲ ಅರ್ಧ ಗಂಟೆ ಮಾಟಗಾತಿಯರು ಬರೆದದ್ದನ್ನೇ ಆಡಿದರು. ಆಮೇಲೆ ರೆಕಾರ್ಡ್ ರೂಮಿನಮ್ಮನಿಗೆ ಹುರುಪು ಬಂತು. ಕಳೆದ ಮೂವತ್ತನಾಲ್ಕು ವರ್ಷದಲ್ಲಿ ಕಡತ ಕೇಳಿ ವಾಪಸು ಕೊಡದವರನ್ನೆಲ್ಲ ಒಬ್ಬೊಬ್ಬರನ್ನಾಗಿ, ಅವರ ಹುದ್ದೆ ಹಿಡಿದು ಶಪಿಸಿದರು. ಮೂರನೇ ಸಾಲಿನಲ್ಲಿ ಇಬ್ಬರು ಎದ್ದು ಹೊರಗೆ ಹೋದರು. ಟೈಪಿಸ್ಟಮ್ಮ ತನ್ನ ಹದಿನಾರು ನಿಮಿಷ ಮುಗಿಸಿ ಇನ್ನೂ ಹತ್ತು ನಿಮಿಷ ಮಾತಾಡಿದಳು. ಪರೀಕ್ಷಕಿ ಬೀಗ ಒಡೆದು ಕೆಳಗಿಳಿದು, ಕೋಟೆಗೆ ಬೆಂಕಿ ಹಚ್ಚುವ ಮೊದಲು ಯಜಮಾನನ ಮನೆಯ ಒಂದೊಂದು ಅಳತೆಯೂ ಹೇಗೆ ಸುಳ್ಳು ಎಂದು ವಿವರಿಸಿದಳು. ಆಯಾ ಪೊರಕೆಯ ಮೇಲೆ ಹಾರುತ್ತ ವೇದಿಕೆಯನ್ನು ಎರಡು ಸಲ ಗುಡಿಸಿದರು. ಹಿಂದಿನ ಸಾಲಿನ ಹೆಂಗಸರೆಲ್ಲ ಬಿದ್ದು ಬಿದ್ದು ನಗುತ್ತಿದ್ದರು. ಸಾಹೇಬರ ಮುಖ ಸುಣ್ಣದಂತಾಗಿತ್ತು. ದೊಡ್ಡ ಸಾಹೇಬರು ಮಾತ್ರ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ, ಮಂಚದ ಕಡೆಯೇ ನೋಡುತ್ತ ಕೂತಿದ್ದರು.

ರಾಜಕುಮಾರ ಬಂದ. ಪಾತ್ರಧಾರಿ ಕಚೇರಿಯ ಇನ್ಸ್‌ಪೆಕ್ಟರು. ಮೀಸೆಗೆ ಬೇಕಾದಷ್ಟು ಬಲವಿದ್ದರೂ ತೋಳಿಗೆ ಸಾಲದ ಮನುಷ್ಯ. ಮೂರು ವಾರದಿಂದ ಟೈಪಿಸ್ಟಮ್ಮನನ್ನು ಎಬ್ಬಿಸುವ ದೃಶ್ಯಕ್ಕಾಗಿ ತಯಾರಾಗಿದ್ದ ಅವನಿಗೆ ಬದಲಾವಣೆಯ ವಿಷಯ ಹೇಳುವುದನ್ನು ಎಲ್ಲರೂ ಮರೆತಿದ್ದರು. ಮಂಡಿಯೂರಿ, ಮುಸುಕು ಎತ್ತಿ, ‘ಚಂದಿರನಂಥ ಮೊಗದವಳೇ’ ಎಂದು ಶುರು ಮಾಡಿದವನು ಒಳಗೆ ಮೊಗವೇ ಇಲ್ಲದ್ದನ್ನು ಕಂಡು ಬಾಯಿ ತೆರೆದಂತೆಯೇ ಉಳಿದ. ಕೆಳಗಿನಿಂದ ಹಂಗಾಮಿ ಮುಂದಿನ ಮಾತನ್ನು ಪಿಸುಗುಟ್ಟಿದ. ಕೇಳಲಿಲ್ಲ. ಕಾಲು ಚಿವುಟಿದ. ಇನ್ಸ್‌ಪೆಕ್ಟರು ಗಾಬರಿಯಿಂದ ಮಾತು ಬಿಟ್ಟು ನೇರ ಕೆಲಸಕ್ಕೆ ಕೈ ಹಾಕಿ ರಾಜಕುಮಾರಿಯನ್ನು ಎತ್ತಿಕೊಂಡ.

ಹೂವಿನಂತೆ ಹಗುರವಾದವಳು ಎಂದು ನಾಟಕದಲ್ಲಿ ಬರೆದಿತ್ತು. ಅವನ ಸೊಂಟ ಕಟಕ್ಕೆಂದಿತು. ಗುಂಡುಸೂಜಿಗಳು ಬಿಚ್ಚಿಕೊಂಡವು, ಒಂದು ಬಟ್ಟು ಜಾರಿ ಅವನ ಪಾದದ ಮೇಲೆಯೇ ಬಿತ್ತು. ಅವನು ಹಾಕಿದ ಕೂಗಿಗೆ ಮುಂದಿನ ಸಾಲಿನಲ್ಲಿ ಮಲಗಿದ್ದ ಕೂಸು ಎದ್ದು ಅಳತೊಡಗಿತು. ರಾಜಕುಮಾರಿ ಧೊಪ್ಪನೆ ಮಂಚಕ್ಕೆ ಬಿದ್ದಳು. ಅವಳ ಕಾಲಬಳಿ ಕೂತು ರಾಜಕುಮಾರ ನಿಜವಾಗಿ ಅತ್ತ. ಅಂಥ ಪ್ರೇಮವನ್ನು ಸಭೆ ಹಿಂದೆಂದೂ ನೋಡಿರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ.

ಆದರೆ ರಾಜಕುಮಾರಿ ಏಳಬೇಕಲ್ಲ. ಎಲ್ಲರೂ ಕಾದರು. ಅವಳು ಏಳಲಿಲ್ಲ. ಮಂಚದ ಕೆಳಗೆ ಹಂಗಾಮಿ ಕಣ್ಣು ಮುಚ್ಚಿಕೊಂಡ. ತನ್ನ ಕಾಯಂ ಹುದ್ದೆ ಅಲ್ಲೇ, ತಲೆಯ ಮೇಲೆ ಒಂದು ಗೇಣು ದೂರದಲ್ಲಿ, ಹತ್ತಿ ತುಂಬಿಕೊಂಡು ಮಲಗಿದೆ ಎನಿಸಿತು ಅವನಿಗೆ. ಕೊನೆಗೆ ರೆಕಾರ್ಡ್ ರೂಮಿನಮ್ಮ ಮುಂದೆ ಬಂದು, ಎದ್ದರೆ ಇವನಿಗೆ ಅಡುಗೆ ಮಾಡಿ ಹಾಕಬೇಕು, ಮಲಗಲಿ ಬಿಡಿ ಪಾಪ ಎಂದು ಹೇಳಿ ನಾಟಕವನ್ನು ತಾವೇ ಮುಗಿಸಿದರು. ಹಂಗಾಮಿ ಹಗ್ಗ ಬಿಟ್ಟ. ಪರದೆ ಬಿತ್ತು.

ದೊಡ್ಡ ಸಾಹೇಬರು ಎದ್ದು ಪರದೆಯ ಮುಂದೆ ಬಂದು ಮೈಕು ಹಿಡಿದರು.

ಈ ನಾಲ್ವರು ಮಹಿಳೆಯರ ಬಗ್ಗೆ ತಾನೇನೂ ಹೇಳುವುದಿಲ್ಲ, ಹೆಂಗಸರು ಹೀಗೆ ಮಾತಾಡತೊಡಗಿದರೆ ಕಚೇರಿಗಳ ಗತಿ ಏನೆಂದು ಎಲ್ಲರೂ ಯೋಚಿಸಬೇಕು ಎಂದರು. ಆದರೆ ಆ ರಾಜಕುಮಾರಿ! ಎರಡು ಗಂಟೆ ಒಂದು ಮಾತಿಲ್ಲ, ಒಂದು ಅಲುಗಾಟವಿಲ್ಲ. ಉಸಿರಾಡಿದ್ದೂ ಕಾಣಲಿಲ್ಲ. ಎತ್ತಿ ಹಾಕಿದರೂ ಒಂದು ನರಳಿಕೆ ಇಲ್ಲ. ಹೆಣ್ಣು ಎಂದರೆ ಹೇಗಿರಬೇಕೆಂದು ಹಿಂದಿನವರು ಕತೆಗಳಲ್ಲಿ ಬರೆದದ್ದು ಸುಳ್ಳಲ್ಲ ಎಂದು ಇವತ್ತು ಕಣ್ಣಾರೆ ನೋಡಿದೆ ಎಂದು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

“ನನ್ನ ಹತ್ತಿರ ಒಂದು ಕಾಯಂ ಹುದ್ದೆ ಇದೆ” ಎಂದರು. “ಯಾರಿಗೆ ಕೊಡೋದು ಅಂತ ಆರು ತಿಂಗಳಿಂದ ಯೋಚನೆ ಮಾಡ್ತಿದ್ದೆ. ಅದನ್ನ ಈ ಹುಡುಗಿಗೆ ಕೊಡ್ತೀನಿ. ಅವಳನ್ನ ಕರೀರಿ.”

ಮಂಚದ ಕೆಳಗಿನಿಂದ ತೆವಳಿ ಹೊರಬಂದ ಹಂಗಾಮಿ ಪರದೆಯ ಸಂದಿಯಿಂದ ತಲೆ ಹಾಕಿದ. “ಸಾರ್, ಅವಳು ಏಳಲ್ಲ ಸಾರ್.”

“ನೋಡಿದಿರಾ?” ಎಂದರು ದೊಡ್ಡ ಸಾಹೇಬರು ಸಭೆಯ ಕಡೆ ತಿರುಗಿ. “ಸಂಕೋಚ. ಇದನ್ನೇ ನಾನು ಹೇಳಿದ್ದು. ಬಲವಂತ ಮಾಡಬೇಡಿ.” ಅಲ್ಲೇ ಆದೇಶಕ್ಕೆ ಸಹಿ ಮಾಡಿ, ಹೆಸರಿನ ಜಾಗ ಖಾಲಿ ಬಿಟ್ಟು, ಸಾಹೇಬರ ಕೈಗೆ ಕೊಟ್ಟು ಕಾರು ಹತ್ತಿ ಹೋದರು.

ಪರದೆಯ ಹಿಂದೆ ಹಂಗಾಮಿ ಸಾಹೇಬರ ಮುಂದೆ ನಿಂತು, ಮುಸುಕು ತೆಗೆದು, ಹರಿದ ಹೊಲಿಗೆಯಿಂದ ಒಂದು ಹಿಡಿ ಹತ್ತಿ ಎಳೆದು ತೋರಿಸಿದ. ಇದು ನಮ್ಮ ಮನೆಯ ದಿಂಬು, ಬೆಳಿಗ್ಗೆಯಿಂದ ಹೀಗೀಗಾಯಿತು, ಆ ಹುದ್ದೆ ನನಗೆ ಅಂತ ತಾವು ಮಾತು ಕೊಟ್ಟಿದ್ದಿರಿ ಎಂದ. ಜೀವಮಾನದಲ್ಲಿ ಅವನು ಸಾಹೇಬರ ಎದುರು ಒಟ್ಟಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಸಾಹೇಬರು ಹತ್ತಿಯನ್ನು ನೋಡಿದರು. ಆದೇಶವನ್ನು ನೋಡಿದರು.

“ದೊಡ್ಡ ಸಾಹೇಬರು ಮುನ್ನೂರು ಜನರ ಮುಂದೆ ಒಂದು ದಿಂಬು ನೋಡಿ ಕಣ್ಣೀರು ಹಾಕಿದರು ಅಂತ ಅವರಿಗೆ ಯಾರು ಹೇಳೋದು? ನೀನು ಹೇಳ್ತೀಯಾ?”

ಹಂಗಾಮಿ ತಲೆ ತಗ್ಗಿಸಿದ.

“ನಾನೂ ಹೇಳಲ್ಲ” ಎಂದರು ಸಾಹೇಬರು. ಪೆನ್ನು ತೆಗೆದು ಖಾಲಿ ಜಾಗದಲ್ಲಿ ‘ರಾಜಕುಮಾರಿ’ ಎಂದು ಅಂದವಾಗಿ ಬರೆದರು. ಆಮೇಲೆ ಏನೋ ಹೊಳೆದಂತೆ ಕೆಳಗೆ ಇನ್ನೊಂದು ಸಾಲು ಸೇರಿಸಿ, ಓದಿಕೋ ಎಂದು ಅವನ ಕೈಗೆ ಕೊಟ್ಟರು. ಹಂಗಾಮಿ ಓದಿದ. ‘ಸದರಿ ನೌಕರರು ಕೆಲಸಕ್ಕೆ ಒಗ್ಗಿಕೊಳ್ಳುವವರೆಗೆ ಅವರ ಪಾಲಿನ ಕೆಲಸವನ್ನೂ ಹಂಗಾಮಿ ಗುಮಾಸ್ತರೇ ನಿರ್ವಹಿಸತಕ್ಕದ್ದು.’

ನಾಲ್ವರು ಹೆಂಗಸರು ಬಣ್ಣ ಒರೆಸಿಕೊಳ್ಳುತ್ತ ಹತ್ತಿರ ಬಂದು ಅವನ ಭುಜದ ಮೇಲಿಂದ ಅದನ್ನು ಓದಿದರು. ಯಾರೂ ನಗಲಿಲ್ಲ. ನಾಲ್ಕು ಜನ ಗಂಟಲು ಹರಿಯುವಂತೆ ಕಿರುಚಿದರೂ ಕೆಲಸ ಸಿಕ್ಕಿದ್ದು ಮಲಗಿದ್ದವಳಿಗೆ ಎಂದು ರೆಕಾರ್ಡ್ ರೂಮಿನಮ್ಮ ತಮಗೆ ತಾವೇ ಹೇಳಿಕೊಂಡರು.

“ಸಾರ್” ಎಂದ ಹಂಗಾಮಿ, ಅಳುವ ದನಿಯಲ್ಲಿ. “ಅವಳು ಒಗ್ಗಿಕೊಳ್ಳೋಕೆ ಎಷ್ಟು ದಿನ ಬೇಕಾಗುತ್ತೆ ಸಾರ್?”

ಸಾಹೇಬರು ಮಂಚದ ಬಳಿ ಹೋದರು. ಜಾರಿದ್ದ ಮುಸುಕನ್ನು ಎರಡೂ ಕೈಯಿಂದ ಮೆಲ್ಲಗೆ ಎಳೆದು ಸರಿ ಮಾಡಿದರು.

“ಹೆಣ್ಣು ಹುಡುಗಿ, ಪಾಪ” ಎಂದರು. “ನೀನು ಅವಸರ ಮಾಡಬೇಡ.”